ನಾಲ್ಕು ದಿನ, ಒಂದು ಪೋಸ್ಟರು, ಒಂದು ಕೆಪ್ಯಾಸಿಟರು

ದಿನ 1

ಹೊರಡೋ ಹಿಂದಿನ ರಾತ್ರಿ ಎರಡು ಗಂಟೆ ತನಕ ಸೋಲ್ಡರಿಂಗ್, ಅಂದ್ರೆ ಸೀಸ ಕರಗಿಸಿ ಬೋರ್ಡಿಗೆ ವೈರ್ ಅಂಟಿಸೋದು, ಮಾಡ್ತಾ ಕೂತಿದ್ದೆ, ಆಮೇಲೆ ಬ್ಯಾಗ್ ಪ್ಯಾಕ್ ಮಾಡಿ, ಸ್ವಲ್ಪ ಹೊತ್ತು ಮಲಗಿದ ಹಾಗೆ ಮಾಡಿ, ಬೆಳಗ್ಗೆ ಆರಕ್ಕೆಲ್ಲ ಟ್ರೈನ್ ಹತ್ತಿದ್ವಿ. ನಾವು ಮೂರೇ ಜನ, ನಾನು ಮತ್ತೆ ನಮ್ಮ ಪ್ರಾಜೆಕ್ಟಿನ ಇಬ್ಬರು ಹುಡುಗರು, ಮೂರೂ ಜನ ಎಲೆಕ್ಟ್ರಾನಿಕ್ಸ್ ಮೂರನೇ ವರ್ಷ. ಹೋಗ್ತಾ ಇದ್ದಿದ್ದು ಎಂಜಿನಿಯರಿಂಗ್ ಸ್ಟೂಡೆಂಟ್ಸ್‌ಗೆ ಅಂತಾನೇ ಮಾಡೋ ನಾಲ್ಕು ದಿನದ ಸಮಾವೇಶಕ್ಕೆ. ಪೋಸ್ಟರ್ ಸೆಷನ್ನು, ಪೇಪರ್ ಪ್ರೆಸೆಂಟೇಷನ್ನು, ವರ್ಕ್‌ಶಾಪು, ಕಂಪನಿಗಳ ಸ್ಟಾಲು, ಎಲ್ಲಾ ಒಂದೇ ಕಡೆ.

ಪೋಸ್ಟರ್ ಎ1 ಸೈಜಿಂದು, ಅಂದ್ರೆ 594 ಇನ್‌ಟು 841 ಮಿಲಿಮೀಟರ್, ಅದನ್ನ ಸುರುಳಿ ಸುತ್ತಿ ಟ್ಯೂಬಲ್ಲಿ ಹಾಕಿ ದಾರಿಯುದ್ದಕ್ಕೂ ತೊಡೆ ಮೇಲೇ ಇಟ್ಕೊಂಡಿದ್ದೆ. ಮೇಲೆ ಲಗೇಜ್ ಜೊತೆ ಇಟ್ರೆ ಯಾರಾದ್ರೂ ಅದರ ಮೇಲೆ ಸೂಟ್‌ಕೇಸ್ ಹಾಕಿಬಿಟ್ರೆ ಅಂತ ಭಯ. ಅದರೊಳಗೆ ನಮ್ಮ ಆರು ತಿಂಗಳು ಇತ್ತು.

ಪ್ರಾಜೆಕ್ಟ್ ಏನು ಅಂದ್ರೆ, ಮೋಟಾರ್ ಮೈಗೆ ಒಂದು ಪುಟ್ಟ ಆಕ್ಸೆಲೆರೋಮೀಟರ್ ಅಂಟಿಸಿ ಅದು ಹೇಗೆ ಅದುರುತ್ತೆ ಅಂತ ಅಳೆದು, ಬೇರಿಂಗ್ ಹಾಳಾಗೋ ಮೊದಲೇ ಸುಳಿವು ಕೊಡೋದು. ಸೆನ್ಸರ್ ಎಂಪಿಯು6050, ಅದನ್ನ ಓದಿ ವೈಫೈ ಮೇಲೆ ಕಳಿಸೋಕೆ ಇಎಸ್‌ಪಿ32 ಬೋರ್ಡು. 1440 ಆರ್‌ಪಿಎಂ ಮೋಟಾರ್ ಅಂದ್ರೆ ಸೆಕೆಂಡಿಗೆ 24 ಸುತ್ತು, ಶಾಫ್ಟ್ ಬ್ಯಾಲೆನ್ಸ್ ತಪ್ಪಿದ್ರೆ 24 ಹರ್ಟ್ಸ್ ಹತ್ರ ಗ್ರಾಫು ಎದ್ದು ನಿಲ್ಲುತ್ತೆ, ಬೇರಿಂಗಿನ ಹೊರಗಿನ ರಿಂಗಲ್ಲಿ ಗೀರು ಬಿದ್ರೆ ಅದು ಬೇರೆ ಕಡೆ ಕಾಣುತ್ತೆ. ಹಾರ್ಡ್‌ವೇರ್ ಒಬ್ಬ, ಡ್ಯಾಶ್‌ಬೋರ್ಡ್ ಇನ್ನೊಬ್ಬ, ಬೋರ್ಡ್ ಮೇಲಿನ ಕೋಡು ಪೂರ್ತಿ ನಂದು. ಇದನ್ನ ಈಗಲೇ ಯಾಕೆ ಹೇಳ್ತಿದೀನಿ ಅಂತ ಮೂರನೇ ದಿನಕ್ಕೆ ಬಂದಾಗ ಗೊತ್ತಾಗುತ್ತೆ.

ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ನೆಟ್‌ವರ್ಕಿಂಗ್ ಅನ್ನೋ ಪದ ಕೇಳಿದ್ರೇ ನಂಗೆ ಇರಿಸುಮುರಿಸು. ಪರಿಚಯ ಇಲ್ಲದವರ ಮುಂದೆ ಹೋಗಿ ನಗ್ತಾ ನಿಂತ್ಕೊಂಡು, ನನ್ನಿಂದ ಅವರಿಗೇನು ಅವರಿಂದ ನನಗೇನು ಅಂತ ಲೆಕ್ಕ ಹಾಕೋದು ಅಂತಾನೇ ಅಂದ್ಕೊಂಡಿದ್ದೆ. ಈಗಾಗ್ಲೇ ಕೆಲಸದಲ್ಲಿರೋ ನಮ್ಮ ಸೀನಿಯರ್ ಅಕ್ಕ ಒಬ್ರು ಹೊರಡೋ ಮುಂಚೆ ಫೋನಲ್ಲಿ ಹೇಳಿದ್ರು, "ಏನೂ ಮಾಡ್ಬೇಡ ಕಣೇ, ದಿನಕ್ಕೆ ಮೂರು ಜನದ ಕೆಲಸದ ಬಗ್ಗೆ ನಿಜವಾಗ್ಲೂ ತಿಳ್ಕೊಬೇಕು ಅನ್ಸೋ ಒಂದು ಪ್ರಶ್ನೆ ಕೇಳು. ಅವರ ನಂಬರ್ ಸಿಕ್ರೆ ಏನು ಮಾತಾಡಿದ್ವಿ ಅಂತ ಅವತ್ತೇ ಬರೆದಿಡು." ಇಷ್ಟೇ. ಇದನ್ನ ನೋಟ್‌ಬುಕ್ ಮೊದಲ ಪುಟದಲ್ಲಿ ಬರ್ಕೊಂಡೆ.

ಮಧ್ಯಾಹ್ನ ತಲುಪಿ ರಿಜಿಸ್ಟ್ರೇಷನ್ ಕೌಂಟರ್ ಹತ್ರ ಕ್ಯೂನಲ್ಲಿ ನಿಂತಿದ್ದೆ. ಅಲ್ಲೇ ಒಬ್ಬ ಹುಡುಗ ಬಂದು ಅವನ ಫಾರ್ಮ್ ನನ್ನ ಕೈಗೆ ಕೊಟ್ಟು "ಮೇಡಂ, ಇದನ್ನ ಎಲ್ಲಿ ಕೊಡ್ಬೇಕು, ನೀವೇ ತಗೋತೀರಾ" ಅಂದ. ನಾನೂ ಪೋಸ್ಟರ್ ತಂದಿರೋಳೇ ಅಂತ ಟ್ಯೂಬ್ ತೋರಿಸ್ದೆ, ಪಾಪ ತಕ್ಷಣ ಸಾರಿ ಕೇಳ್ದ. ಆದ್ರೆ ನನ್ನ ಹಿಂದೆ ಮುಂದೆ ಅಷ್ಟು ಜನ ಹುಡುಗರು ನಿಂತಿದ್ರು, ಅವರಲ್ಲಿ ಯಾರನ್ನೂ ಅವನು ವಾಲಂಟಿಯರ್ ಅಂದ್ಕೊಳ್ಲಿಲ್ಲ, ಅದು ಸಂಜೆ ತನಕ ಮನಸ್ಸಲ್ಲಿ ಕೊರೀತಾ ಇತ್ತು. ಕಿಟ್ಟಲ್ಲಿ ಕೊಟ್ಟ ಟೀಶರ್ಟ್ ಎಲ್ಲಾ ಹುಡುಗರ ಅಳತೆದು, ನಂದು ಮೊಣಕಾಲಿನ ತನಕ ಬರ್ತಿತ್ತು. ಸಣ್ಣ ವಿಷಯ ಅಂತಾರೆ, ಆದ್ರೆ ಇಲ್ಲಿಗೆ ಯಾರು ಬರ್ತಾರೆ ಅಂತ ಅಂದ್ಕೊಂಡು ಎಲ್ಲ ರೆಡಿ ಮಾಡಿದ್ರು ಅನ್ನೋದು ಅದರಲ್ಲೇ ಗೊತ್ತಾಗುತ್ತೆ.

ಸಂಜೆ ಉದ್ಘಾಟನೆ, ಭಾಷಣಗಳು ಉದ್ದ ಆದ್ವು. ಒಬ್ಬರ ಮಾತು ಮಾತ್ರ ಪೂರ್ತಿ ಬರ್ಕೊಂಡೆ. ಮಾರ್ಕ್ ಗ್ರಾನೊವೆಟ್ಟರ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂದು ಲೇಖನ ಬರೆದ್ರಂತೆ, ಕೆಲಸ ಬದಲಾಯಿಸಿದವರನ್ನ ಮಾತಾಡಿಸಿ ಈ ಕೆಲಸದ ಸುದ್ದಿ ನಿಮಗೆ ಯಾರಿಂದ ಬಂತು ಅಂತ ಕೇಳಿದ್ರಂತೆ. ಪರಿಚಯದವರಿಂದ ಸುದ್ದಿ ಸಿಕ್ಕಿದವರಲ್ಲಿ ಹೆಚ್ಚಿನವರಿಗೆ ಅದು ಬಂದಿದ್ದು ದಿನಾ ನೋಡೋ ಆಪ್ತರಿಂದ ಅಲ್ಲ, ಯಾವಾಗ್ಲೋ ಒಮ್ಮೆ ಸಿಗೋ ಜನರಿಂದ. ಯಾಕಂದ್ರೆ ನಮ್ಮ ಹತ್ತಿರದವರಿಗೆ ಗೊತ್ತಿರೋದೆಲ್ಲ ನಮಗೂ ಗೊತ್ತಿರುತ್ತೆ, ದೂರದ ಪರಿಚಯದವರು ಬೇರೆ ಬಳಗದಲ್ಲಿ ಓಡಾಡ್ತಾರೆ, ಅಲ್ಲಿಂದ ಹೊಸ ಸುದ್ದಿ ತರ್ತಾರೆ. ಇದನ್ನ ಕೇಳಿದ ಮೇಲೆ ಆ ಹಾಲ್‌ನಲ್ಲಿದ್ದ ಅಪರಿಚಿತರನ್ನೆಲ್ಲ ಇನ್ನೊಂದು ಸಲ ತಿರುಗಿ ನೋಡ್ದೆ.

ಅವತ್ತು ಮೂರು ಜನದ ಲೆಕ್ಕ ತುಂಬಲಿಲ್ಲ. ರೂಮ್‌ಮೇಟ್ ಹುಡುಗಿ ಒಬ್ಬಳ ಜೊತೆ ಮಾತ್ರ ಮಾತಾಡ್ದೆ, ಅವಳು ಸಿವಿಲ್, ಕಾಂಕ್ರೀಟ್ ಕ್ಯೂಬ್‌ಗಳನ್ನ 28 ದಿನ ನೀರಲ್ಲಿ ಕ್ಯೂರಿಂಗ್ ಮಾಡಿ ಮೆಷಿನಲ್ಲಿ ಒತ್ತಿ ಒಡೆಯೋದರ ಬಗ್ಗೆ ಹೇಳ್ತಾ ಹೇಳ್ತಾ ರಾತ್ರಿ ಹನ್ನೆರಡಾಯ್ತು. ಕ್ಯೂಬ್ ಒಡೆಯೋ ಶಬ್ದ ಕೇಳಿದ್ರೇ ಎಷ್ಟು ಗಟ್ಟಿ ಇತ್ತು ಅಂತ ಅವಳಿಗೆ ಅಂದಾಜಾಗುತ್ತಂತೆ.

ದಿನ 2

ಪೋಸ್ಟರ್ ದಿನ. ಇಡೀ ಪ್ರವಾಸದಲ್ಲಿ ನಂಗೆ ಮರೆಯೋಕೆ ಆಗದೇ ಇರೋ ದಿನ ಇದೇ.

ಬೆಳಗ್ಗೆ ಎಂಟಕ್ಕೆ ಹಾಲ್ ತೆರೆದ್ರು. ಬೋರ್ಡಿಗೆ ಪೋಸ್ಟರ್ ಪಿನ್ ಮಾಡಿ ಎರಡು ಹೆಜ್ಜೆ ಹಿಂದೆ ಬಂದು ನೋಡ್ದೆ, ಹೊಟ್ಟೆಯೊಳಗೆ ಕಲಸಿದ ಹಾಗಾಯ್ತು. ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಕಾಣ್ತಿದ್ದ ಅಕ್ಷರ ಅಲ್ಲಿಂದ ಇರುವೆ ಸಾಲಿನ ಹಾಗೆ ಕಾಣ್ತಿತ್ತು. ನಡ್ಕೊಂಡು ಹೋಗೋರು ದೂರದಿಂದ ಓದೋಕೆ ಆಗ್ಬೇಕು, ನಾವು ವಿವರಣೆ ಎಲ್ಲ ತುರುಕಿಬಿಟ್ಟಿದ್ವಿ. ಇನ್ನೊಂದ್ಸಲ ಮಾಡಿದ್ರೆ ಒಂದು ದೊಡ್ಡ ಗ್ರಾಫು, ಒಂದು ಫೋಟೋ, ನಾಲ್ಕು ಸಾಲು, ಅಷ್ಟೇ ಹಾಕ್ತೀನಿ, ಮಿಕ್ಕಿದ್ದನ್ನ ಬಾಯಲ್ಲೇ ಹೇಳ್ತೀನಿ.

ಅದು ಬಿಡಿ, ಡೆಮೋ ಆನ್ ಮಾಡಿದ್ವಿ, ಬೋರ್ಡ್ ಸ್ಟಾರ್ಟ್ ಆಯ್ತು, ಹತ್ತು ಸೆಕೆಂಡ್ ಗ್ರಾಫ್ ಬಂತು, ನಿಂತುಹೋಯ್ತು. ಮತ್ತೆ ಸ್ಟಾರ್ಟ್, ಮತ್ತೆ ನಿಂತುಹೋಯ್ತು. ಲ್ಯಾಪ್‌ಟಾಪ್ ಕನೆಕ್ಟ್ ಮಾಡಿ ಬೋರ್ಡ್ ಕಳಿಸೋ ಸಂದೇಶ ತೋರಿಸೋ ಸೀರಿಯಲ್ ಮಾನಿಟರ್ ನೋಡಿದ್ರೆ "ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್" ಅಂತ ಸಾಲು ಸಾಲಾಗಿ ಬರ್ತಿದೆ. ಅಂದ್ರೆ ಚಿಪ್ಪಿಗೆ ಬರೋ ವೋಲ್ಟೇಜ್ ಬಿದ್ದುಹೋಗ್ತಿದೆ, ಅದಕ್ಕೇ ಅದು ರೀಸೆಟ್ ಆಗ್ತಿದೆ. ಕಾಲೇಜು ಲ್ಯಾಬಲ್ಲಿ ಎರಡು ವಾರ ಒಂದೇ ಒಂದು ಸಲ ಹೀಗಾಗಿರ್ಲಿಲ್ಲ! ಬ್ಯಾಟರಿ ಬದಲಾಯಿಸಿದ್ವಿ, ಕೋಡ್ ಮತ್ತೆ ಹಾಕಿದ್ವಿ, ಏನೂ ಆಗ್ಲಿಲ್ಲ. ಒಬ್ಬ ಟೀಮ್‌ಮೇಟ್ "ವಿಡಿಯೋ ಇದೆಯಲ್ಲ, ಅದನ್ನೇ ತೋರಿಸೋಣ ಬಿಡು" ಅಂದ, ನನ್ನ ಕಣ್ಣಲ್ಲಿ ನೀರು ಬಂದಿತ್ತು, ಮುಖ ತಿರುಗಿಸ್ಕೊಂಡು ವೈರ್ ಸರಿ ಮಾಡೋ ಹಾಗೆ ನಿಂತಿದ್ದೆ.

ಆಗ ಒಬ್ಬರು ಮೇಡಂ ಬಂದ್ರು. ಐವತ್ತರ ಆಸುಪಾಸು, ಬ್ಯಾಡ್ಜ್ ತಿರುಗಿಹೋಗಿತ್ತು, ಯಾರು ಅಂತ ಗೊತ್ತಾಗ್ಲಿಲ್ಲ. ಪೋಸ್ಟರ್ ಕಡೆ ನೋಡ್ಲೇ ಇಲ್ಲ, ನೇರ ಮೇಜಿನ ಹತ್ರ ಬಂದು ಬ್ಯಾಟರಿಯಿಂದ ಬೋರ್ಡಿಗೆ ಹೋಗ್ತಿದ್ದ ಕೆಂಪು ವೈರನ್ನ ಎರಡು ಬೆರಳಲ್ಲಿ ಹಿಡಿದ್ರು.

"ಲ್ಯಾಬಲ್ಲೂ ಇದೇ ವೈರಾ?"

"ಇಲ್ಲ ಮೇಡಂ, ಅಲ್ಲಿ ಯುಎಸ್‌ಬಿ ಕೇಬಲ್ಲಿಂದ ಪವರ್ ಕೊಡ್ತಿದ್ವಿ. ಇಲ್ಲಿ ಬ್ಯಾಟರಿ ಬಾಕ್ಸ್ ಕೆಳಗಿಡ್ಬೇಕಾಯ್ತು, ಅದಕ್ಕೆ ಜಂಪರ್‌ಗಳನ್ನ ಒಂದಕ್ಕೊಂದು ಸೇರಿಸಿ ಉದ್ದ ಮಾಡಿದೀವಿ."

"ಎಷ್ಟು ಜಂಪರ್?"

ಎಣಿಸಿದ್ರೆ ಹೋಗೋಕೆ ನಾಲ್ಕು, ಬರೋಕೆ ನಾಲ್ಕು. ಒಂದೊಂದೂ ಕೂದಲಿನ ಹಾಗೆ ತೆಳ್ಳಗೆ, ಒಂದೊಂದು ಜೋಡಣೆನೂ ಸಡಿಲ.

"ವೈಫೈ ಕಳಿಸೋವಾಗ ಈ ಚಿಪ್ಪು ಎಷ್ಟು ಕರೆಂಟ್ ಎಳೆಯುತ್ತೆ ಗೊತ್ತಾ?"

ಡೇಟಾಶೀಟ್ ಓದಿದ್ದೆ, ಪವರ್ ಸಪ್ಲೈ 500 ಮಿಲಿಆಂಪ್ ಆದ್ರೂ ಕೊಡೋ ಹಾಗಿರ್ಬೇಕು ಅಂತ ಅದರಲ್ಲಿದೆ, ಹೇಳ್ದೆ. ಅವರು ತಲೆ ಆಡಿಸಿ, "ಸರಾಸರಿ ನೋಡಿದ್ರೆ ಅಷ್ಟೇನಿಲ್ಲ, ಆದ್ರೆ ಕಳಿಸೋ ಕ್ಷಣಕ್ಕೆ ಪಟ್ ಅಂತ ಎಳೆಯುತ್ತೆ. ಈ ಹಾಲಲ್ಲಿ ಎಲ್ಲರದ್ದೂ ವೈಫೈ ಇದೆ, ನಿಂದು ಒಂದು ಸಲಕ್ಕೆ ಹೋಗದೆ ಮತ್ತೆ ಮತ್ತೆ ಕಳಿಸ್ತಾ ಇರುತ್ತೆ. ಪ್ರತಿ ಸಲ ಈ ವೈರಲ್ಲಿ ವೋಲ್ಟೇಜ್ ಬೀಳುತ್ತೆ. ಚಿಪ್ಪಿನ ಹತ್ರ ನೀರಿನ ತೊಟ್ಟಿ ಬೇಕು ಕಣಮ್ಮ, ದೂರದ ಪೈಪಿಂದ ಬರೋ ತನಕ ಕಾಯೋಕಾಗಲ್ಲ ಅದಕ್ಕೆ. ಕೆಪ್ಯಾಸಿಟರ್ ಎಲ್ಲಿ?"

ಚಾರ್ಜ್ ಕೂಡಿಟ್ಕೊಂಡು ಬೇಕಾದ ಕ್ಷಣಕ್ಕೆ ಕೊಡೋ ಆ ಪುಟ್ಟ ಭಾಗ ನಾವು ಹಾಕೇ ಇರ್ಲಿಲ್ಲ. ನಮ್ಮ ಬಾಕ್ಸಲ್ಲಿ ಹುಡುಕಿದ್ರೆ ಸಣ್ಣ ಸಣ್ಣ ಸೆರಾಮಿಕ್‌ಗಳು ಮಾತ್ರ. ಪಕ್ಕದ ಸ್ಟಾಲಿನವರು ರೋಬೋಟ್ ತಂದಿದ್ರು, ಅವರ ಹತ್ರ ಹೋಗಿ ಕೇಳಿದ್ರೆ 470 ಮೈಕ್ರೋಫ್ಯಾರಡ್‌ದು ಒಂದು ಕೊಟ್ರು, ಅವರ ಸೋಲ್ಡರಿಂಗ್ ಐರನ್ನೂ ಬಿಸಿಯಾಗೇ ಇತ್ತು. ಮೇಡಂ ಪಕ್ಕದಲ್ಲೇ ನಿಂತಿದ್ರು, ಐರನ್ ಅವರು ಮುಟ್ಟಲಿಲ್ಲ, ನನ್ನ ಕೈಲೇ ಮಾಡಿಸಿದ್ರು. "ಕಾಲು ಇನ್ನೂ ಗಿಡ್ಡ ಕತ್ತರಿಸು. ಮೈನಸ್ ಪಟ್ಟಿ ಯಾವ ಕಡೆ ಇದೆ ನೋಡ್ಕೊಂಡ್ಯಾ? ಪವರ್ ಪಿನ್ನಿಗೆ ಅಂಟಿದ ಹಾಗೆ ಇರ್ಬೇಕು." ಸೀಸ ಕರಗಿ ಪಿನ್ ಸುತ್ತ ಹರ್ಕೊಂಡು ಹೊಳೆಯೋದು ನೋಡ್ತಾ ನನ್ನ ಕೈ ನಡುಗೋದು ತಾನಾಗೇ ನಿಂತಿತ್ತು. ಜಂಪರ್ ಎಲ್ಲ ಕಿತ್ತುಹಾಕಿ ಬ್ಯಾಟರಿ ಬಾಕ್ಸನ್ನ ಮೇಜಿನ ಮೇಲೇ ಇಟ್ಟು ಎರಡೇ ಗಿಡ್ಡ ವೈರ್ ಹಾಕಿದ್ವಿ.

ಆನ್ ಮಾಡಿದೆ. ಹತ್ತು ಸೆಕೆಂಡ್. ಮೂವತ್ತು. ಎರಡು ನಿಮಿಷ. ಗ್ರಾಫ್ ಓಡ್ತಾನೇ ಇತ್ತು, 24 ಹರ್ಟ್ಸ್ ಹತ್ರ ಚೂಪಾಗಿ ಎದ್ದು ನಿಂತಿತ್ತು.

ತಿರುಗಿ ನೋಡೋಷ್ಟರಲ್ಲಿ ಮೇಡಂ ಪೋಸ್ಟರ್ ಓದ್ತಾ ಇದ್ರು. ಆಮೇಲೆ ಗೊತ್ತಾಯ್ತು, ಅವರು ಮೋಟಾರ್ ಡ್ರೈವ್ ಡಿಸೈನ್ ಮಾಡೋ ಎಂಜಿನಿಯರ್, ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಕೆಲಸ. ಅರ್ಧ ಗಂಟೆ ಮಾತಾಡಿದ್ವಿ. ಅವರ ಮೊದಲ ಬೋರ್ಡು ಟೆಸ್ಟ್ ಬೆಂಚ್ ಮೇಲೇ ಸುಟ್ಟುಹೋಗಿದ್ದು, ಆ ಸುಟ್ಟ ಬೋರ್ಡನ್ನ ಈಗ್ಲೂ ಡ್ರಾಯರಲ್ಲಿ ಇಟ್ಕೊಂಡಿರೋದು ಎಲ್ಲ ಹೇಳಿದ್ರು. ಕಾರ್ಡ್ ಕೊಟ್ಟು, "ಆ ಕೆಪ್ಯಾಸಿಟರ್ ಹಾಕೋ ಮುಂಚೆ, ಹಾಕಿದ ಮೇಲೆ, ಎರಡೂ ಸಲ ಸ್ಕೋಪಲ್ಲಿ ನೋಡಿ ನಂಗೆ ಫೋಟೋ ಕಳಿಸು" ಅಂದ್ರು. ಸ್ಕೋಪ್ ಅಂದ್ರೆ ಆಸಿಲೋಸ್ಕೋಪ್, ವೋಲ್ಟೇಜ್ ಹೇಗೆ ಏರಿಳಿಯುತ್ತೆ ಅಂತ ಗೆರೆಯಾಗಿ ತೋರಿಸೋ ಯಂತ್ರ. ಕಾರ್ಡಿನ ಹಿಂದೆ ಬರ್ಕೊಂಡೆ: ಸುಟ್ಟ ಬೋರ್ಡು, ಡ್ರಾಯರ್, ಸ್ಕೋಪ್ ಫೋಟೋ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಮೇಜಿನ ಮುಂದೆ ಗುಂಪು ಸೇರಿತ್ತು. ಎಷ್ಟು ಜನಕ್ಕೆ ವಿವರಿಸಿದೆ ಗೊತ್ತಿಲ್ಲ, ಗಂಟಲು ಕಟ್ಟಿತ್ತು. ಒಂದು ಗಮನಿಸಿದೆ, ಪ್ರಾಜೆಕ್ಟ್ ಎಷ್ಟು ಚೆನ್ನಾಗಿದೆ ಅಂತ ಹೇಳಿದಾಗ ಜನ ತಲೆ ಆಡಿಸಿ ಮುಂದೆ ಹೋಗ್ತಿದ್ರು, ಬೆಳಗ್ಗೆ ಇದು ರೀಸೆಟ್ ಆಗ್ತಿತ್ತು, ಯಾಕೆ ಗೊತ್ತಾ ಅಂತ ಶುರು ಮಾಡಿದ್ರೆ ನಿಂತ್ಕೊಂಡು ಕೇಳ್ತಿದ್ರು, ತಮಗಾಗಿದ್ದನ್ನೂ ಹೇಳ್ತಿದ್ರು. ಅವತ್ತು ಮೂರಲ್ಲ, ಹನ್ನೊಂದು ಹೆಸರು ಬರೆದಿದ್ದೆ.

ದಿನ 3

ಬೆಳಗ್ಗೆ ಪೇಪರ್ ಪ್ರೆಸೆಂಟೇಷನ್. ನಮ್ಮ ಸರದಿ ಬರೋ ತನಕ ಹೊರಗೆ ಕಾರಿಡಾರಲ್ಲಿ ಕೂತಿದ್ದೆ. ಗೋಡೆ ಮೇಲೆ ಎಂಜಿನಿಯರಿಂಗ್ ಇತಿಹಾಸದ ಒಂದಷ್ಟು ಚಿತ್ರ, ಅದರಲ್ಲಿ ಎಡಿತ್ ಕ್ಲಾರ್ಕ್ ಅವರದ್ದೂ ಇತ್ತು. ಇವರ ಬಗ್ಗೆ ಮೊದಲೇ ಓದಿದ್ದೆ. 1919ರಲ್ಲಿ ಎಂಐಟಿಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗಲ್ಲಿ ಮಾಸ್ಟರ್ಸ್ ಮುಗಿಸಿದ ಮೊದಲ ಹೆಂಗಸು, ಆದ್ರೂ ಎಂಜಿನಿಯರ್ ಅಂತ ಕೆಲಸ ಸಿಗ್ಲಿಲ್ಲ, ಲೆಕ್ಕ ಮಾಡೋ ಹೆಂಗಸರ ವಿಭಾಗ ನೋಡ್ಕೊಳ್ಳೋ ಕೆಲಸ ಸಿಕ್ತು. ಉದ್ದದ ವಿದ್ಯುತ್ ಲೈನುಗಳ ಸಮೀಕರಣ ಬೇಗ ಬಿಡಿಸೋಕೆ ಒಂದು ಗ್ರಾಫಿಕಲ್ ಕ್ಯಾಲ್ಕುಲೇಟರ್ ಕಂಡುಹಿಡಿದು ಪೇಟೆಂಟ್ ತಗೊಂಡ್ರು. 1926ರಲ್ಲಿ ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರುಗಳ ಸಂಸ್ಥೆ ಎಐಇಇ ಸಭೆಯಲ್ಲಿ ಪೇಪರ್ ಓದಿದ್ರು, ಅಲ್ಲಿ ಹಾಗೆ ಓದಿದ ಮೊದಲ ಹೆಂಗಸೂ ಅವರೇ. 1884ರಲ್ಲಿ ಶುರುವಾದ ಆ ಸಂಸ್ಥೆ 1963ರಲ್ಲಿ ರೇಡಿಯೋ ಎಂಜಿನಿಯರುಗಳ ಐಆರ್‌ಇ ಜೊತೆ ಸೇರಿ ಐಇಇಇ ಆಯ್ತು, ಇವತ್ತು ನಾವೆಲ್ಲ ಸ್ಟೂಡೆಂಟ್ ಮೆಂಬರ್ ಆಗ್ತೀವಲ್ಲ, ಅದೇ. ಅವತ್ತು ಆ ಹಾಲಲ್ಲಿ ಎದ್ದು ನಿಲ್ಲೋವಾಗ ಅವರ ಎದೆ ಎಷ್ಟು ಹೊಡ್ಕೊಂಡಿರ್ಬೇಕು ಅಂತ ಯೋಚಿಸ್ತಾ ಇದ್ದೆ, ಅಷ್ಟರಲ್ಲಿ ನಮ್ಮ ಹೆಸರು ಕರೆದ್ರು.

ಹತ್ತು ನಿಮಿಷ ಮಾತಾಡಿ ಮುಗಿಸಿದ್ವಿ. ಪ್ರಶ್ನೆ ಸಮಯ. ಒಬ್ಬ ಜಡ್ಜ್ ಸರ್ ಕೇಳಿದ್ರು, ಸೆಕೆಂಡಿಗೆ 1000 ಸ್ಯಾಂಪಲ್, ಅಂದ್ರೆ 1000 ಸಲ ಅಳತೆ, ತಗೋತೀರಿ ಸರಿ, ಕೋಡಲ್ಲಿ ಫಿಲ್ಟರ್ ಹೇಗೆ ಸೆಟ್ ಮಾಡಿದೀರಿ ಅಂತ. ಕೇಳಿದ್ದು ನನ್ನ ಪಕ್ಕ ನಿಂತಿದ್ದ ಹುಡುಗನ್ನ. ಸ್ಲೈಡಲ್ಲಿ ಯಾರ ಕೆಲಸ ಯಾವುದು ಅಂತ ಹಾಕಿದ್ವಿ, ನಾನೇ ಕೋಡಿನ ಭಾಗ ಹೇಳಿದ್ದು ಕೂಡ. ಅವನು ಒಂದು ಕ್ಷಣನೂ ತಡಮಾಡದೆ "ಸರ್, ಕೋಡ್ ಪೂರ್ತಿ ಬರೆದಿರೋದು ಇವಳು, ಇವಳನ್ನೇ ಕೇಳಿ" ಅಂದ. ಉತ್ತರ ಹೇಳ್ದೆ, 1000 ಸ್ಯಾಂಪಲ್ ಅಂದ್ರೆ ಲೆಕ್ಕದ ಪ್ರಕಾರ 500 ಹರ್ಟ್ಸ್ ತನಕ ಕಾಣ್ಬೇಕು, ಆದ್ರೆ ಈ ಸೆನ್ಸರಿನ ಒಳಗಿನ ಫಿಲ್ಟರ್ ಪೂರ್ತಿ ತೆರೆದಿಟ್ರೂ ಆಕ್ಸೆಲೆರೋಮೀಟರ್‌ಗೆ 260 ಹರ್ಟ್ಸೇ ಮಿತಿ, ಅದಕ್ಕೇ ನಾವು ಅದರ ಮೇಲಿಂದು ಲೆಕ್ಕಕ್ಕೇ ತಗೊಂಡಿಲ್ಲ ಅಂತ. ಸರ್ ಆಮೇಲೆ ನನ್ನ ಕಡೆ ತಿರುಗಿ ಕೂತ್ರು, ಮುಂದಿನ ಪ್ರಶ್ನೆ ನೇರ ನನಗೇ ಬಂತು. "ಹಾಗಾದ್ರೆ ಬೇರಿಂಗ್ ಹಾಳಾಗೋದರ ತೀರಾ ಮೊದಲ ಗುರುತು ಕಿಲೋಹರ್ಟ್ಸ್‌ಗಳಲ್ಲಿ ಬರುತ್ತಲ್ಲ, ಅದು?"

"ನಮಗೆ ಕಾಣಲ್ಲ ಸರ್. ಗೀರು ಸ್ವಲ್ಪ ಬಲಿತ ಮೇಲೆ ಕೆಳಗಿನ ಫ್ರೀಕ್ವೆನ್ಸಿಗೆ ಬಂದಾಗಲೇ ಗೊತ್ತಾಗೋದು. ಬೇಗ ಹಿಡೀಬೇಕು ಅಂದ್ರೆ ಬೇರೆ ಸೆನ್ಸರ್ ಬೇಕು."

ಸರ್ ಏನೋ ಬರ್ಕೊಂಡ್ರು. ನಮಗೆ ಪ್ರೈಜ್ ಬರ್ಲಿಲ್ಲ. ಆದ್ರೆ ಹೊರಗೆ ಬಂದ ಮೇಲೆ ಆ ಟೀಮ್‌ಮೇಟ್‌ಗೆ ಥ್ಯಾಂಕ್ಸ್ ಹೇಳ್ದೆ, ಅವನಿಗೆ ಯಾಕೆ ಅಂತಾನೇ ಅರ್ಥ ಆಗ್ಲಿಲ್ಲ. "ನೀನೇ ತಾನೆ ಬರೆದಿದ್ದು?" ಅಂದ. ಅದಕ್ಕೇ ಅವನ ಬಗ್ಗೆ ಇಲ್ಲಿ ಬರೀತಿದೀನಿ. ನಮ್ಮ ಜೊತೆ ಕೆಲಸ ಮಾಡೋ ಹುಡುಗರು ಹೀಗೆ ಇದ್ರೆ ಅರ್ಧ ಭಾರ ಇಳಿಯುತ್ತೆ.

ಮಧ್ಯಾಹ್ನ ಕಂಪನಿಗಳ ಸ್ಟಾಲು. ಇದರ ಬಗ್ಗೆ ಹೆಚ್ಚು ಹೇಳೋಕಿಲ್ಲ. ಉದ್ದ ಕ್ಯೂ, ರೆಸ್ಯೂಮೆ ಕೊಡು, ಕ್ಯೂಆರ್ ಸ್ಕ್ಯಾನ್ ಮಾಡು, ಮುಂದೆ ಹೋಗು. ಎರಡು ಕಡೆ ಮಾತ್ರ ಮಾತು ಮಾತಾಯ್ತು, ಎರಡೂ ಕಡೆ ನಾನು ಕೆಲಸ ಇದೆಯಾ ಅಂತ ಕೇಳದೆ ನಿಮ್ಮ ಟೀಮಲ್ಲಿ ಹೊಸದಾಗಿ ಸೇರಿದವರು ಮೊದಲ ಮೂರು ತಿಂಗಳು ಏನು ಮಾಡ್ತಾರೆ ಅಂತ ಕೇಳಿದ್ದೆ. ಒಬ್ಬ ಹುಡುಗ, ನಮಗಿಂತ ಎರಡೇ ವರ್ಷ ದೊಡ್ಡವನಿರ್ಬೇಕು, ತಾನು ಮೊದಲ ತಿಂಗಳಿಡೀ ಬೇರೆಯವರು ಬರೆದ ಕೋಡಿಗೆ ಟೆಸ್ಟ್ ಬರೆದಿದ್ದು, ಅದರಿಂದಾನೇ ಆ ಸಿಸ್ಟಂ ಅರ್ಥ ಆಗಿದ್ದು ಅಂತ ಮನಸ್ಸು ಬಿಚ್ಚಿ ಹೇಳಿದ. ಅದು ಯಾವ ಬ್ರೋಷರಲ್ಲೂ ಇರಲ್ಲ.

ಸಂಜೆ ಹುಡುಗಿಯರದ್ದೇ ಒಂದು ಸೆಷನ್ ಇತ್ತು, ಕುರ್ಚಿಗಳನ್ನ ವೃತ್ತಾಕಾರ ಇಟ್ಟಿದ್ರು. ನಡೆಸಿಕೊಟ್ಟವರು ನಮ್ಮ ದೇಶದ ಮೊದಲ ಮಹಿಳಾ ಎಂಜಿನಿಯರುಗಳಲ್ಲಿ ಒಬ್ಬರಾದ ಅಯ್ಯಲಸೋಮಯಾಜುಲ ಲಲಿತಾ ಅವರ ಕಥೆ ಹೇಳಿದ್ರು. ಹದಿನೈದಕ್ಕೆ ಮದುವೆ, ಹದಿನೆಂಟಕ್ಕೆ ವಿಧವೆ, ಕೈಯಲ್ಲಿ ನಾಲ್ಕು ತಿಂಗಳ ಮಗು. ಆಮೇಲೆ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜು ಸೇರಿ 1943ರಲ್ಲಿ ಎಲೆಕ್ಟ್ರಿಕಲ್ ಮುಗಿಸಿದ್ರು. ಡಿಗ್ರಿ ಪತ್ರದಲ್ಲಿ ಅವನು ಅಂತ ಅಚ್ಚಾಗಿದ್ದನ್ನ ಹೊಡೆದು ಅವಳು ಅಂತ ತಿದ್ದಿ ಕೊಡ್ಬೇಕಾಯ್ತಂತೆ. 1964ರ ಜೂನಲ್ಲಿ ನ್ಯೂಯಾರ್ಕಲ್ಲಿ ಮಹಿಳಾ ಎಂಜಿನಿಯರುಗಳು ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಆದಾಗ ಇವರೂ ಹೋಗಿದ್ರು. ಇದನ್ನ ಕೇಳ್ತಾ ನಂಗೆ ಮೈ ಜುಂ ಅಂತು. ಅಷ್ಟು ವರ್ಷ ಆಫೀಸಲ್ಲಿ ಸುತ್ತಮುತ್ತ ಗಂಡಸರನ್ನೇ ನೋಡ್ತಾ ಡಿಸೈನ್ ಮಾಡ್ಕೊಂಡು ಬಂದ ಒಬ್ಬ ಹೆಂಗಸು ಸಮುದ್ರ ದಾಟಿ ಹೋಗಿ, ತನ್ನ ಹಾಗೇ ಇರೋ ನೂರಾರು ಜನರನ್ನ ಒಂದೇ ಹಾಲಲ್ಲಿ ನೋಡಿದಾಗ ಏನನ್ಸಿರ್ಬೇಕು?

ಆಮೇಲೆ ಒಬ್ಬೊಬ್ಬರೇ ಮಾತಾಡಿದ್ರು. ಲ್ಯಾಬಲ್ಲಿ ನೋಟ್ಸ್ ಬರೆಯೋ ಕೆಲಸ ಯಾವಾಗ್ಲೂ ತನಗೇ ಬರುತ್ತೆ, ಸ್ಪ್ಯಾನರ್ ಹುಡುಗರ ಕೈಲಿರುತ್ತೆ ಅಂತ ಮೆಕ್ಯಾನಿಕಲ್ ಹುಡುಗಿ ಒಬ್ಬಳು ಹೇಳಿದ್ಳು. ನಾನು ಫಾರ್ಮ್ ಕೊಟ್ಟ ಹುಡುಗನ ವಿಷಯ ಹೇಳ್ದೆ, ಸುತ್ತ ಕೂತಿದ್ದವರಲ್ಲಿ ಅರ್ಧ ಜನ ಕೈ ಎತ್ತಿ ನಂಗೂ ಆಯ್ತು ಅಂದ್ರು. ಮುಗಿದ ಮೇಲೆ ಮೊದಲ ವರ್ಷದ ಒಬ್ಬಳು ನನ್ನ ಹತ್ರ ಬಂದು, "ಅಕ್ಕ, ನಿನ್ನೆ ನಿಮ್ಮ ಪೋಸ್ಟರ್ ಹತ್ರ ಎರಡು ಸಲ ಬಂದೆ, ಮಾತಾಡೋಕೆ ಧೈರ್ಯ ಬರ್ಲಿಲ್ಲ, ಸೋಲ್ಡರಿಂಗ್ ಹೇಳ್ಕೊಡ್ತೀರಾ" ಅಂದ್ಳು. ನನ್ನ ಹತ್ರಾನೂ ಮಾತಾಡೋಕೆ ಯಾರಾದ್ರೂ ಹೆದರ್ತಾರೆ ಅಂತ ನಂಗೆ ಹೊಳೆದೇ ಇರ್ಲಿಲ್ಲ. ರಾತ್ರಿ ಅವಳನ್ನ ಕರ್ಕೊಂಡು ಹೋಗಿ ರೋಬೋಟ್ ಟೀಮಿನವರ ಐರನ್ ಮತ್ತೆ ಇಸ್ಕೊಂಡು, ಹಾಳಾದ ಒಂದು ಬೋರ್ಡ್ ಮೇಲೆ ಪ್ರಾಕ್ಟೀಸ್ ಮಾಡಿಸ್ದೆ. ಮೊದಲು ಪಿನ್ನು ಪ್ಯಾಡು ಎರಡನ್ನೂ ಬಿಸಿ ಮಾಡು, ಆಮೇಲೆ ಸೀಸ ಮುಟ್ಟಿಸು, ಐರನ್ ತುದಿಗೆ ಸೀಸ ಹಚ್ಚಿ ತಂದು ಬಳಿಯೋದಲ್ಲ. ಎಂಟನೇ ಜಾಯಿಂಟ್ ಹೊಳೀತಾ ಬಂತು. ಅದರ ಫೋಟೋ ತೆಗೆದು ಅವಳ ಅಮ್ಮನಿಗೆ ಕಳಿಸಿದ್ಳು.

ದಿನ 4

ಬೆಳಗ್ಗೆ ಒಂದು ವರ್ಕ್‌ಶಾಪ್, ಅಲ್ಲಿ ಆಸಿಲೋಸ್ಕೋಪ್‌ಗಳಿದ್ವು. ಬ್ರೇಕಲ್ಲಿ ಕೇಳ್ಕೊಂಡು ನಮ್ಮ ಬೋರ್ಡ್ ತಂದು ಇಟ್ಟೆ. ಕೆಪ್ಯಾಸಿಟರ್ ತೆಗೆದು, ಹಳೇ ಎಂಟು ಜಂಪರ್ ಹಾಕಿ ನೋಡಿದ್ರೆ ವೈಫೈ ಕಳಿಸೋ ಪ್ರತಿ ಸಲ 3.3 ವೋಲ್ಟಿನ ಗೆರೆ ಗುಂಡಿಗೆ ಬಿದ್ದ ಹಾಗೆ ಕೆಳಗೆ ಬೀಳ್ತಿತ್ತು. ಕೆಪ್ಯಾಸಿಟರ್ ಹಾಕಿ ಗಿಡ್ಡ ವೈರ್ ಜೋಡಿಸಿದ್ರೆ ಗೆರೆ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾಗ್ತಿತ್ತು. ಎರಡು ದಿನದಿಂದ ಬಾಯಲ್ಲಿ ಹೇಳ್ತಾ ಇದ್ದಿದ್ದನ್ನ ಕಣ್ಣಲ್ಲಿ ನೋಡಿದ್ದು ಆಗಲೇ. ಎರಡೂ ಫೋಟೋ ತೆಗೆದೆ.

ರೂಮ್‌ಮೇಟ್ ಜೊತೆ ನಂಬರ್ ಬದಲಾಯಿಸ್ಕೊಂಡೆ, ಪರೀಕ್ಷೆ ಮುಗಿದ ಮೇಲೆ ಕ್ಯೂಬ್ ಒಡೆಯೋದರ ವಿಡಿಯೋ ಕಳಿಸ್ತಾಳಂತೆ. ಸಮಾರೋಪಕ್ಕೆ ನಿಲ್ಲೋಕೆ ಆಗ್ಲಿಲ್ಲ, ಟ್ರೈನ್ ಹೊತ್ತಾಗ್ತಿತ್ತು.

ಟ್ರೈನಲ್ಲಿ ಪೋಸ್ಟರ್ ಟ್ಯೂಬನ್ನ ಈ ಸಲ ಮೇಲೆ ಲಗೇಜ್ ಜೊತೆ ಇಟ್ಟೆ. ಹುಡುಗರಿಬ್ಬರೂ ನಿದ್ದೆ. ನೋಟ್‌ಬುಕ್ ತೆಗೆದು ಒಬ್ಬೊಬ್ಬರಿಗೇ ಬರೆಯೋಕೆ ಶುರು ಮಾಡಿದೆ, ಎಲ್ಲರಿಗೂ ಒಂದೇ ಮೆಸೇಜ್ ಕಳಿಸಲಿಲ್ಲ, ಅವರವರ ಹತ್ರ ಮಾತಾಡಿದ್ದು ಏನು ಅಂತ ನೋಡ್ಕೊಂಡು ಎರಡೆರಡು ಸಾಲು ಬರೆದೆ. ಕೊನೆಗೆ ಮೇಡಂಗೆ ಎರಡು ಫೋಟೋ ಅಟ್ಯಾಚ್ ಮಾಡಿ ಮೇಲ್ ಕಳಿಸ್ದೆ, ಸುಟ್ಟ ಬೋರ್ಡಿನ ಫೋಟೋ ಒಂದು ಸಲ ತೋರಿಸ್ತೀರಾ ಅಂತಾನೂ ಕೇಳಿದ್ದೆ.

ರಾತ್ರಿ ಹತ್ತಕ್ಕೆ ಉತ್ತರ ಬಂತು. ಡ್ರಾಯರಲ್ಲಿರೋ ಬೋರ್ಡಿನ ಫೋಟೋ ಇತ್ತು, ಮಧ್ಯದಲ್ಲಿ ಕಪ್ಪಗೆ ಒಂದು ರೂಪಾಯಿ ನಾಣ್ಯದಷ್ಟು ತೂತು. ಕೆಳಗೆ ಮೂರು ಸಾಲು:

"ಚೆನ್ನಾಗಿ ಅಳೆದಿದೀಯ. ಆದ್ರೆ ಎರಡನೇ ಫೋಟೋದಲ್ಲಿ ಗೆರೆ ಮೇಲೆ ಸಣ್ಣ ಸಣ್ಣ ಮುಳ್ಳು ಕಾಣ್ತಿದೆ ನೋಡು, ಅದು ನಿನ್ನ ಬೋರ್ಡಿಂದಲ್ಲ ಅಂತ ನನ್ನ ಅನುಮಾನ, ಸ್ಕೋಪಿಂದ ಬೋರ್ಡಿಗೆ ಮುಟ್ಟಿಸೋ ಪ್ರೋಬಿನ ಉದ್ದ ಗ್ರೌಂಡ್ ವೈರಿಂದು. ಅದನ್ನ ತೆಗೆದು ತುದಿಗೆ ಗಿಡ್ಡ ಸ್ಪ್ರಿಂಗ್ ಗ್ರೌಂಡ್ ಹಾಕಿ ಇನ್ನೊಂದ್ಸಲ ಅಳೆದು ಕಳಿಸು."

ಸೋಮವಾರ ಲ್ಯಾಬ್ ಒಂಬತ್ತಕ್ಕೆ ತೆರೀತಾರೆ. ಮೊದಲ ವರ್ಷದ ಹುಡುಗಿಗೂ ಮೆಸೇಜ್ ಹಾಕ್ದೆ, ಅವತ್ತು ವಿಡಿಯೋ ಕಾಲ್‌ಗೆ ಬಾ, ಸ್ಕೋಪ್ ತೋರಿಸ್ತೀನಿ ಅಂತ.